ದುಡ್ಡು ಕೊಟ್ಟು ತಗೊಂಡ ಗೇಮ್ ಯಾರದ್ದು? ಡಿಸ್ಕ್, ಡೌನ್‌ಲೋಡ್ ಮತ್ತು ಮಲೆನಾಡಿನ ಆಟಗಾರರು

ತುಂಗೆಯ ದಡ, ಶಿವಮೊಗ್ಗ (ಚರ್ಚೆ ಶುರು ಮಾಡಿದವರು)

ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. ಪ್ಲೇಸ್ಟೇಷನ್ 5 (ಪಿಎಸ್5) ಅನ್ನುವ, ಟಿವಿಗೆ ಜೋಡಿಸಿ ಆಡುವ ಕನ್ಸೋಲ್‌ನ ದೊಡ್ಡ ಗೇಮ್‌ಗಳಿಗೆ ನಮ್ಮ ದೇಶದಲ್ಲಿ ₹4,999ರ ಆಸುಪಾಸು ಬೆಲೆ ಇಟ್ಟಿದ್ದಾರೆ. ಡಿಸ್ಕ್ ತಗೊಂಡರೂ ಅಷ್ಟೇ, ಡೌನ್‌ಲೋಡ್ ಮಾಡಿಕೊಂಡರೂ ಅಷ್ಟೇ. ಡಿಸ್ಕ್ ತಗೊಂಡವನು ಆಟ ಮುಗಿಸಿ ತಮ್ಮನಿಗೆ ಕೊಡಬಹುದು. ಅರ್ಧ ಬೆಲೆಗೆ ಮಾರಬಹುದು. ಕಪಾಟಿನಲ್ಲಿಟ್ಟು ಹತ್ತು ವರ್ಷ ಬಿಟ್ಟು ಮತ್ತೆ ಆಡಬಹುದು. ಡೌನ್‌ಲೋಡ್ ಮಾಡಿಕೊಂಡವನಿಗೆ ಇದ್ಯಾವುದೂ ಇಲ್ಲ. ಅವನಿಗೆ ಸಿಕ್ಕಿದ್ದು ಆಡಲು ಅನುಮತಿ. ಅದನ್ನು ವಾಪಸ್ ತಗೊಳ್ಳುವ ಹಕ್ಕು ಕಂಪನಿಯ ಹತ್ತಿರವೇ ಇರುತ್ತದೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. ಯೂಬಿಸಾಫ್ಟ್ ಕಂಪನಿಯ ‘ದಿ ಕ್ರೂ’ ಅನ್ನುವ ಕಾರ್ ಗೇಮ್ 2014ರಲ್ಲಿ ಬಂತು. 2024ರ ಮಾರ್ಚ್ 31ಕ್ಕೆ ಅದರ ಸರ್ವರ್, ಅಂದರೆ ಆಟ ನಡೆಸುವ ಕಂಪನಿಯ ಕಂಪ್ಯೂಟರ್, ನಿಲ್ಲಿಸಿದರು. ಒಬ್ಬನೇ ಕೂತು ಆಡುವ ಭಾಗಕ್ಕೂ ಆ ಸರ್ವರ್ ಬೇಕಿತ್ತು. ಹಾಗಾಗಿ ಇಡೀ ಆಟವೇ ನಿಂತುಹೋಯಿತು. ಆಮೇಲೆ ಜನರ ಖಾತೆಯಿಂದ ಲೈಸೆನ್ಸನ್ನೂ ಕಿತ್ತುಹಾಕಿದರು. ಡಿಸ್ಕ್ ಇಟ್ಟುಕೊಂಡವರಿಗೂ ಏನೂ ಉಳಿಯಲಿಲ್ಲ.

ನಾನು ಹೇಳಬೇಕಾದ್ದು ಇಲ್ಲೇ ಇದೆ. ಡಿಸ್ಕ್ ಉಳಿಸಿ ಅಂತ ಕೂಗಿದರೆ ಸಾಲದು. ಪೂರ್ತಿ ದುಡ್ಡು ಕೊಟ್ಟ ಮೇಲೆ, ಮಾರಿದವನ ಅಪ್ಪಣೆ ಇಲ್ಲದೆಯೂ ಆ ಆಟ ನಮ್ಮ ಮನೆಯಲ್ಲಿ ಓಡಬೇಕು. ಅದು ಡಿಸ್ಕ್‌ನಲ್ಲಿ ಬರಲಿ, ಪೆನ್‌ಡ್ರೈವ್‌ನಲ್ಲಿ ಬರಲಿ, ಡೌನ್‌ಲೋಡ್ ಆಗಿ ಬರಲಿ. ನಮ್ಮ ಜಿಲ್ಲೆಯವರ ಅನುಭವ ಏನು, ಹೇಳಿ. ಆಟ ಆಡದವರೂ ಹೇಳಿ. ಪುಸ್ತಕಕ್ಕೂ ಸಿನಿಮಾಕ್ಕೂ ಇದೇ ಗತಿ ಬರುತ್ತಿದೆ.

ಹೊಸನಗರದ ಮಳೆ

ನಮ್ಮ ಮನೆ ಹೊಸನಗರದಿಂದ ಒಳಗೆ, ನಗರ ಅನ್ನುವ ಊರಿನ ಕಡೆ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಮರ ಬಿದ್ದು ಲೈನ್ ಕಡಿಯುತ್ತದೆ. ಕರೆಂಟ್ ಹೋದ ಮೇಲೆ ಟವರ್‌ನ ಬ್ಯಾಟರಿ ಇರುವಷ್ಟು ಹೊತ್ತು ಸಿಗ್ನಲ್, ಆಮೇಲೆ ಅದೂ ಇಲ್ಲ. ಮನೆಯಲ್ಲಿ ಇನ್ವರ್ಟರ್ ಇದೆ. ಟಿವಿ ಓಡುತ್ತದೆ, ಕನ್ಸೋಲ್ ಓಡುತ್ತದೆ. ತೋಟಕ್ಕೆ ಇಳಿಯಲು ಆಗದ ದಿನಗಳು. ಆಟಕ್ಕೆ ಪುರಸೊತ್ತು ಸಿಗುವುದೇ ಆವಾಗ. ಆವಾಗಲೇ ಗೇಮ್ ‘ಸರ್ವರ್ ಸಿಗುತ್ತಿಲ್ಲ’ ಅಂತ ತೋರಿಸಿ ನಿಂತುಬಿಡುತ್ತದೆ. ಒಬ್ಬರೇ ಆಡುವ ಕಥೆ ಗೇಮ್ ಅದು. ಅದಕ್ಕೆ ಯಾಕೆ ಸರ್ವರ್?

ಇನ್ನೊಂದು ಹೇಳುತ್ತೇನೆ. ತಂಗಿಗೆ ಹುಟ್ಟುಹಬ್ಬಕ್ಕೆ ಅಂತ ಶಿವಮೊಗ್ಗದಿಂದ ಡಿಸ್ಕ್ ತಂದುಕೊಟ್ಟೆ. ಪ್ಲಾಸ್ಟಿಕ್ ಕವರ್ ಬಿಚ್ಚಿ ಅವಳೇ ಹಾಕಿದಳು. ಗರ್ ಅಂತ ಸ್ವಲ್ಪ ಹೊತ್ತು ತಿರುಗಿತು. ಆಮೇಲೆ ಪರದೆ ಮೇಲೆ ಒಂದು ಗೆರೆ, ಪಕ್ಕದಲ್ಲಿ ಎಂಬತ್ತು ಜಿಬಿ ಚಿಲ್ಲರೆ ಡೌನ್‌ಲೋಡ್ ಆಗಬೇಕು ಅಂತ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಫೋನನ್ನು ಅಡುಗೆಮನೆ ಕಿಟಕಿಯ ಮೇಲೆ ಇಟ್ಟೆವು. ನಮ್ಮ ಮನೆಯಲ್ಲಿ ಅಲ್ಲಿ ಮಾತ್ರ ಎರಡು ಕಡ್ಡಿ ಬರುತ್ತದೆ. ದಿನಕ್ಕೆ 2 ಜಿಬಿ ಪ್ಯಾಕು. ಲೆಕ್ಕ ಹಾಕಿದರೆ ಒಂದು ತಿಂಗಳ ಮೇಲೆ ಹತ್ತು ದಿನ. ಅವಳು ಬೆಳಿಗ್ಗೆ ಎದ್ದು ಮೊದಲು ಆ ಗೆರೆ ಎಷ್ಟು ಮುಂದೆ ಹೋಗಿದೆ ಅಂತ ನೋಡುತ್ತಿದ್ದಳು. ಡಿಸ್ಕ್ ಅಂತ ಹೇಳಿ ಮಾರಿದ್ದು ಡಿಸ್ಕೇ ಅಲ್ಲ ಅಂತ ಆವತ್ತು ಗೊತ್ತಾಯಿತು.

ತುಂಗೆಯ ದಡ

ಇದು ಈಗ ಮಾಮೂಲಿ ಆಗುತ್ತಿದೆ, ಅದೇ ಸಂಕಟ. 2025ರಲ್ಲಿ ಬಂದ ‘ಡೂಮ್: ದಿ ಡಾರ್ಕ್ ಏಜಸ್’ ಗೇಮ್‌ನ ಪ್ಲೇಸ್ಟೇಷನ್ 5 ಡಿಸ್ಕ್‌ನಲ್ಲಿ ಇದ್ದದ್ದು ಸುಮಾರು 85 ಎಂಬಿ. ಒಂದು ಹಳೆಯ ಸಿಡಿಯಲ್ಲೇ 700 ಎಂಬಿ ಹಿಡಿಸುತ್ತಿತ್ತು. ಪಿಎಸ್5 ಡಿಸ್ಕ್‌ನಲ್ಲಿ 100 ಜಿಬಿವರೆಗೆ ಜಾಗ ಇರುತ್ತದೆ. ಜಾಗ ಇಲ್ಲದೆ ಹೀಗೆ ಮಾಡಿದ್ದಲ್ಲ ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ.

ನಿಂಟೆಂಡೊ ಸ್ವಿಚ್ 2 ಬಂದದ್ದು 2025ರ ಜೂನ್‌ನಲ್ಲಿ. ಅದಕ್ಕೆ ‘ಗೇಮ್-ಕೀ ಕಾರ್ಡ್’ ಅಂತ ಒಂದು ಬಗೆ ಇದೆ. ಕಾರ್ಡ್ ಒಳಗೆ ಗೇಮ್ ಇರುವುದಿಲ್ಲ, ಡೌನ್‌ಲೋಡ್ ಮಾಡಿಕೊಳ್ಳಲು ಬೀಗದ ಕೈ ಮಾತ್ರ. ಅದನ್ನು ಬಾಕ್ಸ್ ಮೇಲೆ ಎದುರಿಗೇ ಬರೆಯುತ್ತಾರೆ. ಇನ್ನೊಬ್ಬರಿಗೆ ಕೊಡಬಹುದು, ಮಾರಲೂಬಹುದು. ಆದರೆ ಕಂಪನಿ ಡೌನ್‌ಲೋಡ್ ಸರ್ವರ್ ಮುಚ್ಚಿದ ದಿನ ಆ ಕೈಗೆ ಬೀಗವೇ ಇರುವುದಿಲ್ಲ.

ಹೊಸನಗರದವರೇ, ನಿಮ್ಮ ತಂಗಿಯ ಡಿಸ್ಕ್ ಕವರ್ ಹಿಂದೆ ಸಣ್ಣ ಅಕ್ಷರದಲ್ಲಿ ಇಂಟರ್ನೆಟ್ ಬೇಕು ಅಂತ ಬರೆದಿತ್ತಾ?

ಹೊಸನಗರದ ಮಳೆ

ಬರೆದಿತ್ತು. ಎಷ್ಟು ಜಿಬಿ ಅಂತ ಬರೆದಿರಲಿಲ್ಲ.

ಭದ್ರಾವತಿ ಪ್ಲೇಯರ್

ನಾನು ಸ್ವಲ್ಪ ಎದುರು ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಡಿಸ್ಕ್ ಕಾಲ ಚೆನ್ನಾಗಿತ್ತು ಅಂತ ಎಲ್ಲರೂ ಹೇಳುತ್ತೀರಿ. ಯಾವ ಡಿಸ್ಕ್? ನಮ್ಮೂರಲ್ಲಿ ಸಿಗುತ್ತಿದ್ದದ್ದು ಜಾಸ್ತಿ ನಕಲಿ. ಟಿವಿ ಗೇಮ್ ಕ್ಯಾಸೆಟ್ ನಕಲಿ, ಪಿಎಸ್2 ಡಿವಿಡಿ ನಕಲಿ, ಕಂಪ್ಯೂಟರ್ ಸಿಡಿ ನಕಲಿ. ಅಸಲಿ ಬೇಕು ಅಂದರೆ ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಹೇಳಿ ತರಿಸಬೇಕಿತ್ತು. ಈಗ ಸ್ಟೀಮ್ ಅನ್ನುವ, ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿಯಲ್ಲಿ ರೂಪಾಯಿಯಲ್ಲೇ ಬೆಲೆ ಇದೆ. ಯುಪಿಐನಲ್ಲಿ ಕಟ್ಟುತ್ತೇನೆ. ಸೇಲ್ ಬಂದಾಗ ಇನ್ನೂರು ಮುನ್ನೂರಕ್ಕೆ ಒಳ್ಳೆಯ ಗೇಮ್ ಸಿಗುತ್ತದೆ. ಮೊದಲ ಸಲ ನಾನು ದುಡ್ಡು ಕೊಟ್ಟು ಆಡಿದ್ದು ಡೌನ್‌ಲೋಡ್ ಬಂದ ಮೇಲೆಯೇ. ಗೇಮ್ ಮಾಡಿದವರಿಗೆ ನನ್ನ ದುಡ್ಡು ಮುಟ್ಟಿದ್ದೂ ಆಮೇಲೆಯೇ.

ಇನ್ನೊಂದು. ಭದ್ರಾವತಿಯಲ್ಲಿ ಕೂತು ಯಾರಾದರೂ ಗೇಮ್ ಮಾಡಿದರೆ 100 ಡಾಲರ್ ಕಟ್ಟಿ ಸ್ಟೀಮ್‌ನಲ್ಲಿ ಹಾಕಬಹುದು. ಡಿಸ್ಕ್ ಒತ್ತಿಸಿ, ಡಬ್ಬಿ ಮಾಡಿಸಿ, ಅಂಗಡಿಗೆ ಕಳಿಸಬೇಕು ಅಂದರೆ ಆ ಹುಡುಗನಿಗೆ ಸಾಧ್ಯವಾ? ಡಿಜಿಟಲ್ ನಮ್ಮಂಥ ಊರಿಗೆ ಬಾಗಿಲು ತೆಗೆದಿದೆ. ಅದನ್ನು ಬೈಯುವುದು ಸರಿಯಲ್ಲ.

ತುಂಗೆಯ ದಡ

ಬೇಜಾರು ಯಾಕೆ? ನೀವು ಹೇಳಿದ ಒಂದೊಂದು ಮಾತೂ ಸರಿ. ಡೌನ್‌ಲೋಡ್ ನನಗೂ ಬೇಕು. ನನ್ನ ತಕರಾರು ಡೌನ್‌ಲೋಡ್ ಮೇಲಲ್ಲ, ಅದರ ಜೊತೆ ಬರುವ ಷರತ್ತಿನ ಮೇಲೆ. ಈ ಎರಡನ್ನೂ ಬೇರೆ ಮಾಡಬಹುದು ಅನ್ನುವುದಕ್ಕೆ ಉದಾಹರಣೆ ಇದೆ. ಜಿಒಜಿ ಅನ್ನುವ ಅಂಗಡಿ ಇದೆ, ಪೋಲೆಂಡಿನದ್ದು. ಅದೂ ಪೂರ್ತಿ ಡಿಜಿಟಲ್. ಅಲ್ಲಿ ತಗೊಂಡರೆ ಇನ್‌ಸ್ಟಾಲ್ ಮಾಡುವ ಫೈಲನ್ನೇ ಕೊಡುತ್ತಾರೆ. ಹಾರ್ಡ್ ಡಿಸ್ಕ್‌ಗೆ ಹಾಕಿಟ್ಟುಕೊಂಡರೆ ಮುಗಿಯಿತು. ನಾಳೆ ನೆಟ್ ಇರಲಿ ಬಿಡಲಿ, ಆ ಅಂಗಡಿಯೇ ಮುಚ್ಚಲಿ, ಗೇಮ್ ಓಡುತ್ತದೆ. 2024ರಿಂದ ಹಳೆಯ ಗೇಮ್‌ಗಳನ್ನು ಹೊಸ ಕಂಪ್ಯೂಟರ್‌ನಲ್ಲಿ ಓಡುವ ಹಾಗೆ ಸರಿಮಾಡಿಟ್ಟುಕೊಳ್ಳುವ ಕೆಲಸವನ್ನೂ ಶುರು ಮಾಡಿದ್ದಾರೆ.

ಬಾಗಿಲು ತೆಗೆದದ್ದು ನಿಜ. ಆದರೆ ಒಳಗೆ ಬಂದ ಮೇಲೆ ನಾವು ತಗೊಂಡ ಸಾಮಾನು ನಮ್ಮದು ಅನ್ನುವ ಖಾತ್ರಿ ಬೇಕಲ್ವಾ?

ಗೋಪಿ ಸರ್ಕಲ್

ಈ ವಿಷಯದಲ್ಲಿ ನಾನು ಬರೆಯಲೇಬೇಕು. ಶಿವಮೊಗ್ಗದಲ್ಲಿ ಗೇಮ್ ಡಿಸ್ಕ್ ಮಾರುವ, ಎಕ್ಸ್‌ಚೇಂಜ್ ಮಾಡುವ ಒಂದು ಅಂಗಡಿಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಈಗ ಆ ಅಂಗಡಿ ಇಲ್ಲ. ಅಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಹಳೆ ಡಿಸ್ಕ್ ತಂದರೆ ಮೊದಲು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡುತ್ತಿದ್ದೆವು. ಗೀರು ನಡುವಿನಿಂದ ಹೊರಗೆ ನೇರವಾಗಿದ್ದರೆ ಚಿಂತೆ ಇಲ್ಲ. ಟ್ರ್ಯಾಕ್ ಜೊತೆಗೇ ಸುತ್ತಿಕೊಂಡು ಹೋಗಿದ್ದರೆ ಕಷ್ಟ. ಉಗುರಿನಿಂದ ಸವರಿದಾಗ ಸಿಕ್ಕಿಕೊಂಡರೆ ವಾಪಸ್ ಕೊಡುತ್ತಿದ್ದೆವು. ಸರಿಯಿದ್ದರೆ ಹೊಸ ಬೆಲೆಯ ಅರ್ಧದಷ್ಟು ಕೊಟ್ಟು ತಗೊಂಡು, ಸ್ವಲ್ಪ ಲಾಭ ಇಟ್ಟು ಇನ್ನೊಬ್ಬರಿಗೆ ಕೊಡುತ್ತಿದ್ದೆವು. ಹಾಸ್ಟೆಲ್ ಹುಡುಗರು ನಾಲ್ಕು ಜನ ದುಡ್ಡು ಹಾಕಿ ಒಂದು ತಗೊಳ್ಳುತ್ತಿದ್ದರು. ಸರದಿ ಪ್ರಕಾರ ಆಡಿ, ಪರೀಕ್ಷೆ ಹತ್ತಿರ ಬಂದಾಗ ತಂದು ಮಾರುತ್ತಿದ್ದರು. ಒಂದೇ ಡಿಸ್ಕ್ ಊರೆಲ್ಲ ಸುತ್ತಿ ಮತ್ತೆ ನಮ್ಮ ಕೌಂಟರ್‌ಗೆ ಬರುತ್ತಿತ್ತು. ಕವರ್ ಒಳಗೆ ಬಾಲ್‌ಪೆನ್ನಿನಲ್ಲಿ ಬರೆದ ಹೆಸರು ನೋಡಿ ಇದು ನಮ್ಮದೇ ಅಂತ ಗುರುತಿಸುತ್ತಿದ್ದೆ. ₹4,999ರ ಗೇಮ್ ಹೀಗೆ ಐದಾರು ಕೈ ದಾಟಿದರೆ ಯಾರಿಗೂ ಭಾರ ಅನ್ನಿಸುವುದಿಲ್ಲ. ಈಗ ಅದೇ ಹುಡುಗ ಒಬ್ಬನೇ ಪೂರ್ತಿ ಹೊರಬೇಕು.

ಮೊದಲು ಸತ್ತದ್ದು ಕಂಪ್ಯೂಟರ್ ಗೇಮ್ ವ್ಯಾಪಾರ. 2004ರಲ್ಲಿ ‘ಹಾಫ್-ಲೈಫ್ 2’ ಬಂದಾಗ ಡಿಸ್ಕ್ ತಗೊಂಡರೂ ಸ್ಟೀಮ್ ಖಾತೆಗೆ ಸೇರಿಸಲೇಬೇಕಿತ್ತು. ಒಮ್ಮೆ ಸೇರಿಸಿದ ಮೇಲೆ ಆ ಡಿಸ್ಕ್ ಇನ್ನೊಬ್ಬರಿಗೆ ಉಪಯೋಗಕ್ಕಿಲ್ಲ. ಆಮೇಲೆ ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಹಳೆ ಪಿಸಿ ಗೇಮ್ ತಗೊಳ್ಳುವುದನ್ನು ನಾವೇ ನಿಲ್ಲಿಸಬೇಕಾಯಿತು. ಕನ್ಸೋಲ್ ಡಿಸ್ಕ್ ಇನ್ನೂ ಕೆಲವು ವರ್ಷ ನಡೆಯಿತು. ಈಗ ಡಿಸ್ಕ್ ಡ್ರೈವ್ ಇಲ್ಲದ ಪಿಎಸ್5 ತಗೊಳ್ಳುವವರೇ ಜಾಸ್ತಿ ಕಾಣುತ್ತಾರೆ. 2024ರ ನವೆಂಬರ್‌ನಲ್ಲಿ ಬಂದ ಪಿಎಸ್5 ಪ್ರೊ ಜೊತೆ ಡ್ರೈವ್ ಕೊಡುವುದೇ ಇಲ್ಲ. ಬೇಕಾದರೆ ಬೇರೆ ದುಡ್ಡು ಕೊಟ್ಟು ತಗೊಂಡು ಸಿಕ್ಕಿಸಬೇಕು. ಸಿಕ್ಕಿಸಿದ ಮೇಲೆ ಮೊದಲ ಸಲ ಹೊಂದಿಸಲು ಅದಕ್ಕೂ ಇಂಟರ್ನೆಟ್ ಬೇಕು.

ಆಗುಂಬೆ ಘಾಟಿ

ಗೋಪಿ ಸರ್ಕಲ್ ಅಣ್ಣ, ಒಂದು ಸಹಾಯ. ನನ್ನ ಹತ್ತಿರ ಹಳೆಯ ಪಿಎಸ್2, ಪಿಎಸ್3 ಡಿಸ್ಕ್‌ಗಳು ಒಂದು ರಟ್ಟಿನ ಪೆಟ್ಟಿಗೆ ತುಂಬ ಇವೆ. ಈ ಮಳೆಗಾಲದಲ್ಲಿ ತೆಗೆದು ನೋಡಿದರೆ ಬೂಷ್ಟು. ಕೆಲವದರ ಮೇಲೆ ಬಿಳಿ ಚುಕ್ಕಿ, ಕೆಲವದರ ಮೇಲೆ ಬಲೆಯ ಹಾಗೆ ಹರಡಿದೆ. ಉಳಿಸಬಹುದಾ? ಇದನ್ನು ನೋಡಿದರೆ ಡಿಸ್ಕ್ ಇದ್ದರೆ ಶಾಶ್ವತ ಅನ್ನುವ ಮಾತು ನಮ್ಮ ಆಗುಂಬೆಗೆ ಒಪ್ಪುವುದಿಲ್ಲ.

ಗೋಪಿ ಸರ್ಕಲ್

ಹೆಚ್ಚಿನವು ಉಳಿಯುತ್ತವೆ, ಗಾಬರಿ ಬೇಡ. ಮೊದಲು ಆ ರಟ್ಟಿನ ಪೆಟ್ಟಿಗೆ ಬಿಸಾಡಿ, ತೇವ ಹಿಡಿಯುವುದೇ ಅದು. ಉಗುರು ಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಮೆತ್ತನೆ ಹತ್ತಿ ಬಟ್ಟೆ ಅದ್ದಿ, ನಡುವಿನ ತೂತಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಿಸಿ ಒರೆಸಬೇಡಿ. ಸಾದಾ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ. ಬಿಸಿಲಿಗೆ ಇಡಬೇಡಿ. ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿರುತ್ತದೆ ಅಂತ ಅಲ್ಲೂ ಇಡಬೇಡಿ, ಹೊಗೆಯ ಜಿಡ್ಡು ಕೂರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಡಿಸ್ಕ್‌ಗಳನ್ನು ಪುಸ್ತಕದ ಹಾಗೆ ನಿಲ್ಲಿಸಿ ಇಡಿ.

ಒಂದು ವಿಷಯ ಗಮನಿಸಿ. ಸಿಡಿಯಲ್ಲಿ ಮಾಹಿತಿ ಇರುವ ಪದರ ಚಿತ್ರ ಇರುವ ಮೇಲ್ಭಾಗಕ್ಕೆ ತಾಗಿಕೊಂಡೇ ಇರುತ್ತದೆ, ಮೇಲೆ ತೆಳು ಬಣ್ಣ ಅಷ್ಟೇ. ಹಾಗಾಗಿ ಮೇಲ್ಭಾಗದ ಗೀರು ಜಾಸ್ತಿ ಅಪಾಯ. ಡಿವಿಡಿಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುತ್ತದೆ. ಪಿಎಸ್3ರ ಬ್ಲೂ-ರೇಯಲ್ಲಿ ಹೊಳೆಯುವ ಕಡೆಯಿಂದ ಬರೀ 0.1 ಮಿಲಿಮೀಟರ್ ಒಳಗೆ ಇರುತ್ತದೆ, ಮೇಲೆ ಗಟ್ಟಿ ಲೇಪ ಇರುತ್ತದೆ. ಬೆಳಕಿಗೆ ಹಿಡಿದಾಗ ಸೂಜಿ ಚುಚ್ಚಿದ ಹಾಗೆ ತೂತು ಕಂಡರೆ ಒಳಗಿನ ಅಲ್ಯೂಮಿನಿಯಂ ಹೋಗಿದೆ ಅಂತ. ಅದನ್ನು ತೊಳೆದು ಸರಿಮಾಡಲು ಬರುವುದಿಲ್ಲ.

ಆಗುಂಬೆ ಘಾಟಿ

ತುಂಬಾ ಉಪಕಾರ ಅಣ್ಣ. ನಾಳೆಯೇ ಶುರು ಮಾಡುತ್ತೇನೆ.

ಶಂಕರಘಟ್ಟ ಹಾಸ್ಟೆಲ್

ಆಗುಂಬೆಯವರೇ, ಉಳಿಸಿಕೊಳ್ಳಿ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2010ಕ್ಕಿಂತ ಮುಂಚೆ ಅಲ್ಲಿ ಬಂದ ಹಳೆಯ ಗೇಮ್‌ಗಳಲ್ಲಿ ಶೇಕಡಾ 87 ಈಗ ಹೊಸದಾಗಿ ಮಾರಾಟಕ್ಕೆ ಸಿಗುವುದಿಲ್ಲ ಅಂತ ಅದರಲ್ಲಿತ್ತು. ನಿಂಟೆಂಡೊ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಗಳು 2023ರ ಮಾರ್ಚ್‌ನಲ್ಲಿ ಮುಚ್ಚಿದವು. ಎಕ್ಸ್‌ಬಾಕ್ಸ್ 360ರ ಅಂಗಡಿ 2024ರ ಜುಲೈನಲ್ಲಿ ಮುಚ್ಚಿತು. ಅಲ್ಲಿ ಮಾತ್ರ ಮಾರುತ್ತಿದ್ದ ಗೇಮ್ ಇನ್ನು ಹೊಸಬರಿಗೆ ಸಿಗುವ ದಾರಿಯೇ ಇಲ್ಲ. ನಮ್ಮ ದೇಶದಲ್ಲೇ ಪಿಎಸ್2ಗೆ ಅಂತ 2009ರಲ್ಲಿ ‘ಹನುಮಾನ್: ಬಾಯ್ ವಾರಿಯರ್’ ಮಾಡಿದ್ದರು. ಯಾರ ಹತ್ತಿರವಾದರೂ ಆ ಡಿಸ್ಕ್ ಇದ್ದರೆ ದಯವಿಟ್ಟು ಬಿಸಾಡಬೇಡಿ. ಇಲ್ಲಿ ಒಂದು ಮಾತು ಹಾಕಿ.

ತೀರ್ಥಹಳ್ಳಿ ಸ್ಕ್ವಾಡ್

ಡಿಸ್ಕ್ ನಾನು ಕಂಡವನೇ ಅಲ್ಲ. ನನ್ನದು ಪೂರ್ತಿ ಮೊಬೈಲ್. ಆದರೆ ಈ ನೋವು ನನಗೂ ಗೊತ್ತು. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್ಜಿ ಮೊಬೈಲ್ ಸೇರಿ 118 ಆ್ಯಪ್ ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಸರ್ವರ್ ಪೂರ್ತಿ ನಿಂತಿತು. ಲಾಕ್‌ಡೌನ್ ಕಾಲ, ಕಾಲೇಜು ಇಲ್ಲ, ನಾವೆಲ್ಲ ಗುಡ್ಡ ಹತ್ತಿ ಸಿಗ್ನಲ್ ಇರುವ ಕಡೆ ಕೂತು ಆಡುತ್ತಿದ್ದೆವು. ಪಾಕೆಟ್ ಮನಿ ಉಳಿಸಿ ಆಟದೊಳಗಿನ ಬಟ್ಟೆ, ಗನ್ ಸ್ಕಿನ್ (ಬಂದೂಕಿನ ಅಲಂಕಾರ) ತಗೊಂಡವರಿದ್ದರು. 2021ರ ಜುಲೈನಲ್ಲಿ ಅದರ ಭಾರತದ ಆವೃತ್ತಿ ಬಿಜಿಎಂಐ ಬಂದಾಗ ಹಳೆಯ ಖಾತೆ ವರ್ಗಾಯಿಸಲು ಅವಕಾಶ ಕೊಟ್ಟರು, ಅದಕ್ಕೂ ಗಡುವು ಇತ್ತು. 2022ರ ಜುಲೈನಲ್ಲಿ ಅದನ್ನೂ ಸ್ಟೋರ್‌ನಿಂದ ತೆಗೆದರು. 2023ರ ಮೇನಲ್ಲಿ ಮತ್ತೆ ಬಂತು.

ದೇಶದ ಭದ್ರತೆ ವಿಷಯ ಇರಬಹುದು, ಅದನ್ನು ಪ್ರಶ್ನೆ ಮಾಡುತ್ತಿಲ್ಲ. ಕೊಟ್ಟ ದುಡ್ಡಿನ ಮಾತನ್ನು ಯಾರೂ ಎತ್ತಲಿಲ್ಲ ಅನ್ನುವುದೇ ನನಗೆ ಬೇಜಾರು. ಹುಡುಗರ ಆಟ ತಾನೇ ಅಂತ ಬಿಟ್ಟರು.

ಹೊಸನಗರದ ಮಳೆ

ಇದನ್ನೆಲ್ಲ ಓದುವಾಗ ನನಗೆ ಅಜ್ಜ ಹೇಳುತ್ತಿದ್ದ ಗೇಣಿಯ ಕಾಲ ನೆನಪಾಗುತ್ತದೆ. ವರ್ಷ ವರ್ಷ ಅಳೆದು ಕೊಡಬೇಕು, ದುಡಿಯುವುದು ನಾವು, ಆದರೂ ಒಡೆಯ ಏಳು ಅಂದರೆ ಏಳಬೇಕು. ನಮ್ಮ ಸೀಮೆಯ ಜನ 1951ರಲ್ಲಿ ಕಾಗೋಡಿನಲ್ಲಿ ಎದ್ದು ನಿಂತದ್ದು ಅದಕ್ಕೇ ಅಲ್ವಾ? ಈಗ ಇಲ್ಲೂ ಅದೇ. ದುಡ್ಡು ಕೊಡುವುದು ನಾವು, ಯಾವಾಗ ಎಬ್ಬಿಸಬೇಕು ಅಂತ ತೀರ್ಮಾನ ಮಾಡುವುದು ಅವರು.

ವರದಾ ಹೊಳೆ

ಹೊಸನಗರದವರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೂ ಹೇಳಬೇಕು. ನಮ್ಮ ಮನೆಯವರು ಗೇಣಿದಾರರು. ಕಾಗೋಡಿನಲ್ಲಿ ಜಗಳ ಶುರುವಾದದ್ದು ಭತ್ತ ಅಳೆಯುವ ಕೊಳಗದ ಅಳತೆಯ ಮೇಲೆ. ಅದು ಊಟದ ಪ್ರಶ್ನೆ, ಮರ್ಯಾದೆಯ ಪ್ರಶ್ನೆ. ಜೈಲಿಗೆ ಹೋದರು, ಜಮೀನು ಕಳೆದುಕೊಂಡರು. ಗೇಮ್ ವಿಷಯವನ್ನು ಅದರ ಪಕ್ಕದಲ್ಲಿ ಇಡುವುದು ನನಗೆ ಒಪ್ಪಿಗೆ ಇಲ್ಲ. ಗ್ರಾಹಕರ ಹಕ್ಕು ಅಂತಲೇ ಮಾತಾಡೋಣ. ಅದಕ್ಕೇ ಸಾಕಷ್ಟು ಬಲ ಇದೆ.

ಹೊಸನಗರದ ಮಳೆ

ಒಪ್ಪಿದೆ ಅಣ್ಣ. ಆ ಹೆಸರು ಎತ್ತುವುದಿಲ್ಲ.

ಸಾಗರದ ವಕೀಲೆ

ಗ್ರಾಹಕರ ಹಕ್ಕು ಅಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಕಾನೂನಿನಲ್ಲಿ ಏನಿದೆ, ಏನಿಲ್ಲ ಅಂತ ಸರಳವಾಗಿ ಹೇಳುತ್ತೇನೆ.

ಸಾಫ್ಟ್‌ವೇರ್ ಸರಕಾ ಅಲ್ಲವಾ ಅನ್ನುವ ಪ್ರಶ್ನೆ ನಮ್ಮಲ್ಲಿ ಹಳೆಯದು. 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಿನ ಪ್ರಕರಣದಲ್ಲಿ, ಸಿಡಿಯಲ್ಲಿ ಸಿದ್ಧವಾಗಿ ಮಾರುವ ಸಾಫ್ಟ್‌ವೇರ್ ಮಾರಾಟ ತೆರಿಗೆಯ ಮಟ್ಟಿಗೆ ಸರಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ತೆರಿಗೆ ಹಾಕುವಾಗ ಸರಕು. ಮಾರುವವರ ಒಪ್ಪಂದದಲ್ಲಿ ಮಾತ್ರ ಲೈಸೆನ್ಸ್. ಈ ಅಂತರವನ್ನು ಗ್ರಾಹಕರ ಕಡೆಯಿಂದ ಗಟ್ಟಿಯಾಗಿ ಕೇಳಬೇಕಾಗಿದೆ.

1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52ರಲ್ಲಿ ಒಂದು ಒಳ್ಳೆಯ ಅಂಶ ಇದೆ. ಕಾನೂನುಬದ್ಧವಾಗಿ ಪ್ರೋಗ್ರಾಂನ ಪ್ರತಿ ಇಟ್ಟುಕೊಂಡವರು, ಅದು ಹಾಳಾದರೆ ಕಳೆದುಹೋದರೆ ಅಂತ ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳಬಹುದು. ಅಂದರೆ ಆಗುಂಬೆಯವರು ತಮ್ಮ ಅಸಲಿ ಡಿಸ್ಕ್ ಬೂಷ್ಟು ಹಿಡಿಯುವ ಮುಂಚೆ ಒಂದು ಪ್ರತಿ ತೆಗೆದಿಟ್ಟರೆ ಅದು ಕಳ್ಳತನ ಅಲ್ಲ. ಅದನ್ನು ಮಾರುವ ಹಾಗಿಲ್ಲ, ಹಂಚುವ ಹಾಗಿಲ್ಲ. 2012ರಲ್ಲಿ ಸೇರಿಸಿದ 65ಎ ಸೆಕ್ಷನ್ ಪ್ರಕಾರ ಡಿಜಿಟಲ್ ಬೀಗ ಒಡೆಯುವುದು ಅಪರಾಧ, ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶ ಇರಬೇಕು ಅಂತ ಅಲ್ಲೇ ಬರೆದಿದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಆನ್‌ಲೈನ್ ಖರೀದಿಗೂ ಅನ್ವಯಿಸುತ್ತದೆ. ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಇರುವ ಊರಿಗೆ ಹೋಗಬೇಕಾಗಿಲ್ಲ. ಕೊಟ್ಟ ಮೊತ್ತ 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ಘಟನೆ ನಡೆದ 2 ವರ್ಷದ ಒಳಗೆ ಕೊಡಬೇಕು. ಅದಕ್ಕೂ ಮುಂಚೆ 1915 ಸಹಾಯವಾಣಿಗೆ ಒಂದು ಕರೆ ಮಾಡಿ ದಾಖಲು ಮಾಡಿಸಿಕೊಳ್ಳಿ.

ಇದೇ ಕಾಯ್ದೆಯಲ್ಲಿ ‘ಅನ್ಯಾಯದ ಒಪ್ಪಂದ’ ಅಂತ ಒಂದು ಭಾಗ ಇದೆ. ಸರಿಯಾದ ಕಾರಣ ಇಲ್ಲದೆ ಒಂದು ಕಡೆಯವರು ತಾವೇ ಒಪ್ಪಂದ ಮುರಿಯಬಹುದು ಅನ್ನುವ ಷರತ್ತು ಅದರಲ್ಲಿ ಬರುತ್ತದೆ. ಗೇಮ್ ಅಂಗಡಿಗಳ ಷರತ್ತು ಓದಿ ನೋಡಿ, ಇಂಥದ್ದು ಸಿಗುತ್ತದೆ. ಈ ಬಗೆಯ ದೂರು ಮಾತ್ರ ಜಿಲ್ಲಾ ಆಯೋಗದಲ್ಲಿ ಆಗುವುದಿಲ್ಲ, ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗಬೇಕು. ಒಂದು ಗೇಮ್‌ಗಾಗಿ ಯಾರೂ ಅಷ್ಟು ದೂರ ಹೋಗುವುದಿಲ್ಲ. ನಾಲ್ಕು ಜನ ಸೇರಿ ಹೋಗಲು ಕಾಯ್ದೆಯಲ್ಲಿ ದಾರಿ ಇದೆ.

ಡೌನ್‌ಲೋಡ್ ಮಾಡಿದ್ದನ್ನು ಮಾರಬಹುದಾ ಅನ್ನುವುದಕ್ಕೆ ಯುರೋಪಿನಲ್ಲೂ ನೇರ ಉತ್ತರ ಇಲ್ಲ. 2012ರಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ ಸಾಫ್ಟ್‌ವೇರ್ ವಿಷಯದಲ್ಲಿ ಹೌದು ಅಂದಿತು. ಗೇಮ್ ವಿಷಯದಲ್ಲಿ ಪ್ಯಾರಿಸ್‌ನ ಒಂದು ಕೋರ್ಟ್ 2019ರಲ್ಲಿ ಹೌದು ಅಂದಿತು, ಮೇಲಿನ ಕೋರ್ಟ್ 2022ರಲ್ಲಿ ಅದನ್ನು ತಳ್ಳಿಹಾಕಿತು.

ಜಯನಗರದಲ್ಲಿರುವ ಶಿವಮೊಗ್ಗದವ

ನಾನು ಬೆಂಗಳೂರಿನಲ್ಲಿ ಗೇಮ್ ಮಾಡುವ ಕೆಲಸದಲ್ಲಿದ್ದೇನೆ. ನಮ್ಮ ಕಡೆಯ ಕಷ್ಟವನ್ನೂ ಕೇಳಿ.

ಸರ್ವರ್ ನಡೆಸಲು ತಿಂಗಳು ತಿಂಗಳು ಖರ್ಚು. ಆಡುವವರು ಕಡಿಮೆಯಾದರೂ ಖರ್ಚು ನಿಲ್ಲುವುದಿಲ್ಲ. ಕಾರ್ ಗೇಮ್ ಅಂದರೆ ಕಾರ್ ಕಂಪನಿಗಳ ಜೊತೆ ಒಪ್ಪಂದ, ಹಾಡುಗಳ ಜೊತೆ ಒಪ್ಪಂದ, ಅದಕ್ಕೆಲ್ಲ ಅವಧಿ ಇರುತ್ತದೆ. ಸರ್ವರ್ ಪ್ರೋಗ್ರಾಂನಲ್ಲಿ ಬೇರೆಯವರಿಂದ ತಗೊಂಡ ಭಾಗಗಳೂ ಇರುತ್ತವೆ. ಅದನ್ನು ಜನರಿಗೆ ಹಂಚಲು ನಮಗೆ ಹಕ್ಕಿಲ್ಲ. ಮುಚ್ಚುವ ದಿನ ಬಂದು ‘ಈಗ ಆಫ್‌ಲೈನ್ ಮಾಡಿ’ ಅಂದರೆ ನಿಜವಾಗಿ ಆಗುವುದಿಲ್ಲ.

ಶುರುವಿನಲ್ಲೇ ಹೇಳಿದರೆ ಆಗುತ್ತದೆ. ಇದು ನನ್ನ ಪ್ರಾಮಾಣಿಕ ಅಭಿಪ್ರಾಯ. ಯಾವ ಭಾಗ ಸರ್ವರ್‌ನಲ್ಲಿ, ಯಾವ ಭಾಗ ಆಡುವವರ ಯಂತ್ರದಲ್ಲಿ ಅಂತ ಮೊದಲ ತಿಂಗಳಲ್ಲೇ ತೀರ್ಮಾನ ಆಗುತ್ತದೆ. ಆವಾಗ ಕೊನೆಯ ದಿನದ ಯೋಜನೆಯೂ ಮೇಜಿನ ಮೇಲೆ ಇದ್ದರೆ ಖರ್ಚು ದೊಡ್ಡದಾಗುವುದಿಲ್ಲ. ‘ನಾಕ್‌ಔಟ್ ಸಿಟಿ’ 2023ರಲ್ಲಿ ಮುಚ್ಚುವಾಗ ಆಟಗಾರರೇ ಸರ್ವರ್ ನಡೆಸುವ ಹಾಗೆ ಪಿಸಿ ಆವೃತ್ತಿ ಕೊಟ್ಟು ಹೋದರು. ‘ಗ್ರ್ಯಾನ್ ಟೂರಿಸ್ಮೊ ಸ್ಪೋರ್ಟ್’ ಸರ್ವರ್ 2024ರ ಜನವರಿಯಲ್ಲಿ ನಿಂತರೂ, ಒಂದು ಅಪ್‌ಡೇಟ್ ಕೊಟ್ಟದ್ದರಿಂದ ಒಬ್ಬರೇ ಆಡುವ ಭಾಗ ಉಳಿಯಿತು. ದಿ ಕ್ರೂ ಗಲಾಟೆ ಆದ ಮೇಲೆ ಯೂಬಿಸಾಫ್ಟ್ ಕೂಡ ‘ದಿ ಕ್ರೂ 2’ಕ್ಕೆ ಆಫ್‌ಲೈನ್ ಮಾಡಿಕೊಟ್ಟಿತು.

ತುಂಗೆಯ ದಡ

ಒಳಗಿನವರೇ ಹೀಗೆ ಹೇಳಿದ್ದು ನನಗೆ ತುಂಬಾ ಸಮಾಧಾನ.

ಜನ ಮಾತಾಡಿದರೆ ಏನಾಗುತ್ತದೆ ಅನ್ನುವವರಿಗೆ ಕೆಲವು ಹಳೆಯ ಸಂಗತಿ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಕನ್ಸೋಲ್ ತೋರಿಸಿದಾಗ ದಿನಕ್ಕೊಮ್ಮೆ ಇಂಟರ್ನೆಟ್‌ಗೆ ಸೇರಲೇಬೇಕು, ಹಳೆ ಡಿಸ್ಕ್ ಕೊಡುವುದಕ್ಕೆ ನಿರ್ಬಂಧ ಅಂತ ಹೇಳಿದ್ದರು. ಆಟಗಾರರು ರೊಚ್ಚಿಗೆದ್ದರು. ಆ ವರ್ಷದ ಜೂನ್‌ನಲ್ಲೇ ಅದನ್ನು ಮಾಡುವ ಮೈಕ್ರೋಸಾಫ್ಟ್ ಹಿಂದೆ ಸರಿಯಿತು. 2021ರಲ್ಲಿ ಸೋನಿ ಪಿಎಸ್3 ಮತ್ತು ವೀಟಾ (ಕೈಯಲ್ಲಿ ಹಿಡಿದು ಆಡುವ ಯಂತ್ರ) ಆನ್‌ಲೈನ್ ಅಂಗಡಿ ಮುಚ್ಚುತ್ತೇವೆ ಅಂದಿತು, ವಿರೋಧ ಬಂದ ಮೇಲೆ ಕೈಬಿಟ್ಟಿತು. ದಿ ಕ್ರೂ ನಿಂತ ಮೇಲೆ ರಾಸ್ ಸ್ಕಾಟ್ ಅನ್ನುವ ಯೂಟ್ಯೂಬರ್ 2024ರ ಏಪ್ರಿಲ್‌ನಲ್ಲಿ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಶುರು ಮಾಡಿದರು. ಯುರೋಪಿನ ನಾಗರಿಕರ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷ ಸಹಿ ದಾಟಿತು. ಅವರು ಸರ್ವರ್ ಶಾಶ್ವತವಾಗಿ ನಡೆಸಿ ಅಂತ ಕೇಳುತ್ತಿಲ್ಲ. ಕೈಬಿಡುವಾಗ ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಅಂತ ಕೇಳುತ್ತಿದ್ದಾರೆ.

ಕ್ಯಾಲಿಫೋರ್ನಿಯಾ ಇನ್ನೊಂದು ಕಡೆಯಿಂದ ಹಿಡಿದಿದೆ. ಅಲ್ಲಿನ ಎಬಿ 2426 ಕಾನೂನು 2025ರ ಜನವರಿ 1ರಿಂದ ಜಾರಿಗೆ ಬಂತು. ಲೈಸೆನ್ಸ್ ಮಾತ್ರ ಕೊಡುವುದಾದರೆ ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಖರೀದಿಸಿ’ ಅಂತ ಬಟನ್ ಹಾಕುವ ಹಾಗಿಲ್ಲ. ಸ್ಟೀಮ್‌ನಲ್ಲಿ 2024ರ ಅಕ್ಟೋಬರ್‌ನಿಂದ ದುಡ್ಡು ಕಟ್ಟುವ ಪುಟದಲ್ಲಿ ನಿಮಗೆ ಸಿಗುವುದು ಲೈಸೆನ್ಸ್ ಅಂತ ಒಂದು ಸಾಲು ಕಾಣುತ್ತದೆ. ಇಷ್ಟರಿಂದ ಗೇಮ್ ಉಳಿಯುವುದಿಲ್ಲ, ನಿಜ. ಕೊಡುವ ಮುಂಚೆ ತಿಳಿಯುತ್ತದೆ.

ಮತ್ತೆ, ಪುಸ್ತಕ ಓದುವವರೂ ಇದನ್ನು ನೋಡುತ್ತಿದ್ದೀರಿ ಅಂತ ಗೊತ್ತು. 2009ರಲ್ಲಿ ಅಮೆಜಾನ್ ಜನರ ಕಿಂಡಲ್‌ನಿಂದ (ಇ-ಪುಸ್ತಕ ಓದುವ ಸಾಧನ) ಅವರು ದುಡ್ಡು ಕೊಟ್ಟು ತಗೊಂಡ ಪುಸ್ತಕಗಳನ್ನೇ ದೂರದಿಂದ ಅಳಿಸಿಹಾಕಿತ್ತು, ಆಮೇಲೆ ಕ್ಷಮೆ ಕೇಳಿತು. 2025ರ ಫೆಬ್ರವರಿಯಿಂದ ಕಿಂಡಲ್ ಪುಸ್ತಕವನ್ನು ಕಂಪ್ಯೂಟರ್‌ಗೆ ಇಳಿಸಿಟ್ಟುಕೊಳ್ಳುವ ಸೌಲಭ್ಯವನ್ನೂ ತೆಗೆದಿದ್ದಾರೆ.

ನಾವೇನು ಮಾಡಬಹುದು? ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಗೆ ಒಂದು ಮನವಿ ಬರೆಯೋಣ ಅಂತಿದ್ದೇನೆ. ಕರಡು ಹೀಗಿದೆ:

‘ಗೇಮ್, ಪುಸ್ತಕ, ಸಿನಿಮಾ ಡಿಜಿಟಲ್ ರೂಪದಲ್ಲಿ ಮಾರುವಾಗ, ಸಿಗುವುದು ಲೈಸೆನ್ಸ್ ಆಗಿದ್ದರೆ ಅದನ್ನು ದುಡ್ಡು ಕಟ್ಟುವ ಪುಟದಲ್ಲೇ ಕನ್ನಡ ಸೇರಿದಂತೆ ಜನರ ಭಾಷೆಯಲ್ಲಿ ತಿಳಿಸಬೇಕು. ಡಿಸ್ಕ್ ಅಥವಾ ಕಾರ್ಡ್ ರೂಪದಲ್ಲಿ ಮಾರುವಾಗ ಇನ್ನೂ ಎಷ್ಟು ಜಿಬಿ ಡೌನ್‌ಲೋಡ್ ಬೇಕು ಅಂತ ಡಬ್ಬಿಯ ಮುಂಭಾಗದಲ್ಲಿ ಮುದ್ರಿಸಬೇಕು. ಒಬ್ಬರೇ ಆಡುವ ಗೇಮ್ ಇಂಟರ್ನೆಟ್ ಇಲ್ಲದೆಯೂ ಓಡಬೇಕು. ಸರ್ವರ್ ನಿಲ್ಲಿಸುವ ಮುಂಚೆ ಸಾಕಷ್ಟು ಸಮಯ ಕೊಟ್ಟು ತಿಳಿಸಬೇಕು. ನಿಲ್ಲಿಸುವಾಗ ಆಫ್‌ಲೈನ್ ಆವೃತ್ತಿಯನ್ನೋ, ಆಟಗಾರರು ನಡೆಸಿಕೊಳ್ಳುವ ಸರ್ವರ್ ಅನ್ನೋ, ಇಲ್ಲವಾದರೆ ದುಡ್ಡನ್ನೋ ಕೊಡಬೇಕು.’

ತಿದ್ದುಪಡಿ ಇದ್ದರೆ ಹೇಳಿ.

ಭದ್ರಾವತಿ ಪ್ಲೇಯರ್

ಸಣ್ಣ ಕಂಪನಿಗಳಿಗೆ, ಒಬ್ಬರೋ ಇಬ್ಬರೋ ಸೇರಿ ಗೇಮ್ ಮಾಡುವವರಿಗೆ ಕೊನೆಯ ಷರತ್ತಿನಲ್ಲಿ ಸ್ವಲ್ಪ ರಿಯಾಯಿತಿ ಸೇರಿಸಿ. ಅದೊಂದು ಇದ್ದರೆ ನನ್ನ ಸಹಿ ಇದೆ.

ಜಯನಗರದಲ್ಲಿರುವ ಶಿವಮೊಗ್ಗದವ

ಹಳೆಯ ಗೇಮ್‌ಗೆ ಬೇಡ, ಕಾನೂನು ಬಂದ ಮೇಲೆ ಮಾರುವ ಗೇಮ್‌ಗೆ ಮಾತ್ರ ಅಂತ ಸೇರಿಸಿ. ಇಲ್ಲದಿದ್ದರೆ ಅದೊಂದೇ ಕಾರಣಕ್ಕೆ ತಿರಸ್ಕರಿಸುತ್ತಾರೆ.

ಸಾಗರದ ವಕೀಲೆ

‘ಸಾಕಷ್ಟು ಸಮಯ’ ಅಂತ ಬರೆಯಬೇಡಿ, ಅದಕ್ಕೆ ಯಾರು ಬೇಕಾದರೂ ಏನು ಬೇಕಾದರೂ ಅರ್ಥ ಹಚ್ಚಬಹುದು. ಕನಿಷ್ಠ 6 ತಿಂಗಳು ಅಂತ ಹಾಕಿ. ದುಡ್ಡು ವಾಪಸ್ ಅನ್ನುವಲ್ಲಿ, ಪೂರ್ತಿಯಾ ಭಾಗಶಃವಾ, ಎಷ್ಟು ದಿನದ ಒಳಗೆ ಅನ್ನುವುದೂ ಬೇಕು. ಸೆಕ್ಷನ್ ನಂಬರ್‌ಗಳನ್ನು ನಾನು ಸೇರಿಸಿಕೊಡುತ್ತೇನೆ. ಕರಡನ್ನು ನನಗೆ ಕಳಿಸಿ.